ಹೆಣ್ಣೆಂಬ ‘ಸ್ಥಳ’: ಒಂದು ಮರಾಠಿ ಚಿತ್ರವನ್ನು ಜತ್ತದ ಪಡಸಾಲೆಯಲ್ಲಿ ಕೂತು ಓದುವುದು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಪ್ರಸ್ತುತಿಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಂವಾದದ ಒಂದು ಭಾಗ ಇದೆ.)

ಈ ಹೊತ್ತಿಗೆ ನಮ್ಮೂರಲ್ಲಿ ಕರೆಂಟು ಹೋಗೋದು ವಾಡಿಕೆ. ನಡುವೆ ನಾನು ಮಾಯವಾದರೆ ಐದು ನಿಮಿಷ ಕಾಯಬೇಕು ಅಂತ ಮೊದಲೇ ಕೇಳಿಕೊಳ್ತೀನಿ.

ಕನ್ನಡ ಎಂ.ಎ. ಓದುವವಳು ಗಡಿನಾಡಿನ ಸಂಕಿರಣದಲ್ಲಿ ಮರಾಠಿ ಚಿತ್ರದ ಬಗ್ಗೆ ಯಾಕೆ ಮಾತಾಡ್ತಾಳೆ ಅನ್ನೋ ಪ್ರಶ್ನೆ ನಿಮಗೆ ಬಂದಿರಬಹುದು. ಜತ್ತ ತಾಲೂಕಿನವಳಾದ ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಾನು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಆದರೆ ಸಿನಿಮಾ ಅಂದರೆ ಎರಡೂ ಕಡೆಯವು ನಮ್ಮವೇ. ಹಾಗಾಗಿ ಈ ಚಿತ್ರವನ್ನು ಬೇರೆಯವರ ಭಾಷೆಯ ಕೃತಿ ಅಂತ ನೋಡೋದು ನನಗೆ ಆಗಲಿಲ್ಲ. ಚಿತ್ರ ನಡೆಯುವ ಊರು ನಮ್ಮಿಂದ 600 ಕಿಲೋಮೀಟರಿಗೂ ದೂರದಲ್ಲಿದೆ. ಆದರೂ ಮೊದಲ ಹತ್ತು ನಿಮಿಷದಲ್ಲೇ ಆ ಪಡಸಾಲೆ ನಮ್ಮ ಮನೆಯದೇ ಅನ್ನಿಸಿಬಿಟ್ಟಿತು.

ಚಿತ್ರದ ಹೆಸರು ‘ಸ್ಥಳ’. ನಿರ್ದೇಶಕರು ಜಯಂತ್ ದಿಗಂಬರ್ ಸೋಮಲಕರ್. 2023ರ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅಲ್ಲಿ ನೆಟ್‌ಪ್ಯಾಕ್ ಪ್ರಶಸ್ತಿ ಪಡೆಯಿತು. ನಮ್ಮ ಕಡೆಯ ಚಿತ್ರಮಂದಿರಗಳಿಗೆ ಬಂದದ್ದು 2025ರ ಮಾರ್ಚ್ 7ಕ್ಕೆ, ಮಹಿಳಾ ದಿನಾಚರಣೆಯ ಹಿಂದಿನ ದಿನ. ವಿದರ್ಭದ ಚಂದ್ರಪುರ ಜಿಲ್ಲೆಯ ಡೋಂಗರಗಾಂವ್ ಅನ್ನೋ ಹಳ್ಳಿಯಲ್ಲಿ ಚಿತ್ರೀಕರಣ ನಡೆದಿದೆ. ಅದು ನಿರ್ದೇಶಕರ ಸ್ವಂತ ಊರು. ನಟಿಸಿದವರಲ್ಲಿ ಹೆಚ್ಚಿನವರು ವೃತ್ತಿಯಿಂದ ನಟರಲ್ಲ, ಆ ಸೀಮೆಯ ಜನ. ನಾಯಕಿ ಸವಿತಾಳ ಪಾತ್ರ ಮಾಡಿದ ನಂದಿನಿ ಚಿಕಟೆಯೂ ಹಾಗೇ ಸಿಕ್ಕವರು. ಸವಿತಾ ಹತ್ತಿ ಬೆಳೆಯುವ ರೈತನ ಮಗಳು, ಬಿ.ಎ. ಓದುತ್ತಿದ್ದಾಳೆ, ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗ್ತಿದ್ದಾಳೆ. ಮನೆಯವರು ಅವಳಿಗೆ ಗಂಡು ಹುಡುಕುತ್ತಿದ್ದಾರೆ. ನೋಡಲು ಬರುತ್ತಾರೆ, ಹೋಗುತ್ತಾರೆ, ಮತ್ತೊಬ್ಬರು ಬರುತ್ತಾರೆ. ಕತೆ ಇಷ್ಟೇ.

1. ಹೆಸರಿನಿಂದಲೇ ಶುರು ಮಾಡೋಣ

ಮರಾಠಿಯಲ್ಲಿ ‘ಸ್ಥಳ’ ಅಂದರೆ ಜಾಗ ಅನ್ನೋದರ ಜೊತೆಗೆ ಮದುವೆಯ ಸಂಬಂಧ ಅಂತಲೂ ಅರ್ಥ. ‘ಒಳ್ಳೆ ಸ್ಥಳ ಬಂದಿದೆ’ ಅಂದರೆ ಒಳ್ಳೆ ಗಂಡು ಬಂದಿದೆ ಅಂತ. ನಮ್ಮ ಮನೆಗಳಲ್ಲೂ ಈ ಮಾತು ಬಳಕೆಯಲ್ಲಿದೆ. ‘ಇಂಡಿ ಕಡೆಯಿಂದ ಒಂದು ಸ್ಥಳ ಬಂದೈತಿ’ ಅಂತ ಕಾಕಾ ಫೋನಿನಲ್ಲಿ ಹೇಳೋದನ್ನ ಎಷ್ಟೋ ಸಲ ಕೇಳಿದ್ದೀನಿ. ಆಗೆಲ್ಲ ಅದರಲ್ಲಿ ವಿಚಿತ್ರ ಏನೂ ಕಾಣಿಸಿರಲಿಲ್ಲ. ಚಿತ್ರದ ಹೆಸರನ್ನು ಪರದೆಯ ಮೇಲೆ ಓದಿದಾಗ ಕಾಣಿಸಿತು. ಒಬ್ಬ ಮನುಷ್ಯನನ್ನು, ಅವನ ಮನೆ, ಹೊಲ, ನೌಕರಿ, ಬೀಗರು ಎಲ್ಲವನ್ನೂ ಸೇರಿಸಿ ಒಂದು ಜಾಗ ಅಂತ ಕರೀತೀವಿ. ಹುಡುಗಿ ಹೋಗಿ ಸೇರಬೇಕಾದ ಜಾಗ. ಹುಟ್ಟಿದ ಮನೆ ಅವಳ ಜಾಗ ಅಲ್ಲ ಅನ್ನೋದನ್ನ ಈ ಒಂದು ಶಬ್ದ ಮೊದಲೇ ತೀರ್ಮಾನ ಮಾಡಿ ಇಟ್ಟಿರುತ್ತದೆ.

ಕನ್ನಡ ಸಾಹಿತ್ಯ ಓದುವವರಿಗೆ ‘ಸ್ಥಲ’ ಅಂದ ಕೂಡಲೇ ಇನ್ನೊಂದು ನೆನಪಾಗಬೇಕು, ಷಟ್‌ಸ್ಥಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಅಲ್ಲಿ ಸ್ಥಲ ಅಂದರೆ ಸಾಧಕ ತಾನಾಗಿ ಏರುವ ಮೆಟ್ಟಿಲು. ಯಾರೂ ಯಾರನ್ನೂ ಅಲ್ಲಿಗೆ ಕೊಟ್ಟು ಕಳಿಸೋದಿಲ್ಲ. ಒಂದೇ ಮೂಲದ ಶಬ್ದ ವಚನದ ಕಡೆ ಹೋದರೆ ಒಳಗಿನ ನಡಿಗೆ ಆಗುತ್ತದೆ, ಪಡಸಾಲೆಯ ಕಡೆ ಬಂದರೆ ವಿಳಾಸ ಆಗುತ್ತದೆ. ಈ ಎರಡು ಅರ್ಥಗಳ ನಡುವಿನ ದೂರವೇ ನನ್ನ ಇವತ್ತಿನ ಪ್ರಬಂಧದ ವಿಷಯ ಅಂತ ಇಟ್ಟುಕೊಳ್ಳಬಹುದು.

2. ಪಡಸಾಲೆಯ ವ್ಯಾಕರಣ

ಚಿತ್ರ ಶುರುವಾಗೋದು ಒಂದು ತಲೆಕೆಳಗಾದ ದೃಶ್ಯದಿಂದ. ನೋಡಲು ಬಂದವರೆಲ್ಲ ಹೆಂಗಸರು. ನಡುವೆ ಕೂತವನು ಗಂಡಸು. ಹೆಸರೇನು, ಎಷ್ಟು ಓದಿದ್ದೀಯ, ಎತ್ತರ ಎಷ್ಟು ಅಂತ ಅವನನ್ನು ಕೇಳ್ತಾರೆ. ಥಿಯೇಟರಿನಲ್ಲಿ ನಗು ಬಂತು. ನಾವಿದ್ದದ್ದು ಹದಿನೈದಿಪ್ಪತ್ತು ಜನ ಇರಬೇಕು, ಎಲ್ಲರೂ ನಕ್ಕೆವು. ಆಮೇಲೆ ಅದು ಸವಿತಾಳ ಕನಸು ಅಂತ ಗೊತ್ತಾಗುತ್ತದೆ. ಅವಳನ್ನು ಎಬ್ಬಿಸುತ್ತಾರೆ, ಯಾಕೆಂದರೆ ಅವತ್ತು ಅವಳನ್ನು ನೋಡಲು ಬರುವವರಿದ್ದಾರೆ. ಅದೇ ಪ್ರಶ್ನೆಗಳು ಈಗ ಅವಳಿಗೆ. ಈ ಸಲ ಯಾರೂ ನಗಲಿಲ್ಲ. ಪ್ರಶ್ನೆ ಬದಲಾಗಿಲ್ಲ, ಕೂತವರು ಬದಲಾಗಿದ್ದಾರೆ ಅಷ್ಟೇ. ಗಂಡಸನ್ನು ಕೇಳಿದರೆ ಹಾಸ್ಯ, ಹೆಣ್ಣನ್ನು ಕೇಳಿದರೆ ಶಾಸ್ತ್ರ. ಸ್ತ್ರೀವಾದಿ ವಿಮರ್ಶೆಯ ತರಗತಿಯಲ್ಲಿ ನಾವು ‘ನೋಟದ ರಾಜಕಾರಣ’ ಅಂತ ಒಂದು ಸೆಮಿಸ್ಟರ್ ಪೂರ್ತಿ ಓದಿದ್ದನ್ನ ಈ ಚಿತ್ರ ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸುತ್ತದೆ.

ಆಮೇಲೆ ಚಿತ್ರ ಮಾಡೋದು ಒಂದೇ ಕೆಲಸ, ಪುನರಾವರ್ತನೆ. ಮರಾಠಿಯಲ್ಲಿ ಈ ಶಾಸ್ತ್ರಕ್ಕೆ ‘ಕಾಂದೇ ಪೋಹೆ’ ಅಂತಲೇ ಅಡ್ಡಹೆಸರು. ನಮ್ಮಲ್ಲಿ ‘ಕನ್ಯಾ ನೋಡೂದು’. ಗಂಡಸರು ಸಾಲಾಗಿ ಕೂರ್ತಾರೆ. ಹುಡುಗಿ ತಲೆ ತಗ್ಗಿಸಿ ಬಂದು ಎದುರಿಗೆ ಕೂರ್ತಾಳೆ. ಹೆಸರು, ಓದು, ವಿಷಯ, ಹವ್ಯಾಸ, ಎತ್ತರ. ಒಳಗೆ ಹೋಗಮ್ಮ. ಕೆಲವು ದಿನಗಳ ನಂತರ ಉತ್ತರ ಬರುತ್ತದೆ, ಬಣ್ಣ ಕಮ್ಮಿ, ಎತ್ತರ ಕಮ್ಮಿ. ಮುಂದಿನ ಸಲ ಮತ್ತೆ ಅದೇ ಸಾಲು, ಅದೇ ಪ್ರಶ್ನೆ. ಕೆಲವು ವಿಮರ್ಶಕರಿಗೆ ಇದು ಬೇಸರ ಅನ್ನಿಸಬಹುದು. ನನ್ನ ಮಟ್ಟಿಗೆ ಚಿತ್ರದ ಅರ್ಥ ಇರೋದೇ ಈ ಬೇಸರದಲ್ಲಿ. ಒಂದೇ ಅವಮಾನವನ್ನು ಒಂದು ಸಲ ತೋರಿಸಿದರೆ ಅದು ಘಟನೆ. ನಮ್ಮ ಕರುಣೆ ಉಕ್ಕುತ್ತದೆ, ಮನೆಗೆ ಹೋಗ್ತೀವಿ. ಹಲವು ಸಲ ತೋರಿಸಿದರೆ ಅದು ಪದ್ಧತಿ. ಆಗ ನಾವು ಪಾತ್ರವನ್ನು ಬಿಟ್ಟು ಪದ್ಧತಿಯನ್ನೇ ನೋಡೋಕೆ ಶುರು ಮಾಡ್ತೀವಿ.

ಇಲ್ಲಿ ಕನ್ನಡದ ಒಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ 1977ರದ್ದು, ಯು.ಆರ್. ಅನಂತಮೂರ್ತಿಯವರ ಕತೆ. ಅಲ್ಲಿ ಯಮುನಕ್ಕನ ದುರಂತವನ್ನು ನಾವು ನಾಣಿ ಅನ್ನೋ ಸಣ್ಣ ಹುಡುಗನ ಕಣ್ಣಿನಿಂದ ನೋಡ್ತೀವಿ. ಅವನ ಮುಗ್ಧತೆ ನಮಗೆ ಒಂದು ಆಸರೆ. ‘ಸ್ಥಳ’ದಲ್ಲಿ ಅಂಥ ನಾಣಿ ಇಲ್ಲ. ಸವಿತಾಳನ್ನು ನೋಡಲು ಬಂದವರ ಸಾಲಿನ ಎದುರಿಗೆ ನಾವೂ ಕೂತಿರ್ತೀವಿ. ಹಾಗಾದರೆ ನಾವು ಯಾವ ಕಡೆಯವರು? ಇನ್ನೊಂದು ವ್ಯತ್ಯಾಸವೂ ಇದೆ. ಯಮುನಕ್ಕನಿಗೆ ಆದದ್ದು ಬಹಿಷ್ಕಾರ, ಬದುಕಿರುವಾಗಲೇ ಶ್ರಾದ್ಧ. ಸವಿತಾಳಿಗೆ ಹಾಗೇನೂ ಆಗೋದಿಲ್ಲ. ಯಾರೂ ಹೊಡೆಯೋದಿಲ್ಲ, ಬೈಯೋದಿಲ್ಲ, ಬಂದವರು ಚಹಾ ಕುಡಿದು ನಮಸ್ಕಾರ ಹೇಳಿ ಹೋಗ್ತಾರೆ. ಹಿಂಸೆ ಇಷ್ಟು ಸಭ್ಯವಾಗಿ ನಡೆದಾಗ ಅದನ್ನ ಹಿಂಸೆ ಅಂತ ಕರೆಯೋಕೆ ಧೈರ್ಯ ಸಾಲೋದಿಲ್ಲ.

ಮರಾಠಿಯಲ್ಲೇ ‘ಸೈರಾಟ್’ (2016) ನೆನಪಾಗುತ್ತದೆ. ಅದನ್ನು ಮಾಡಿದ ನಾಗರಾಜ ಮಂಜುಳೆ ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯವರೇ. ಕನ್ನಡದಲ್ಲಿ ಅದು ‘ಮನಸು ಮಲ್ಲಿಗೆ’ ಆಗಿ 2017ರಲ್ಲಿ ಬಂತು. ಅಲ್ಲಿ ಹುಡುಗಿ ಮನೆ ಬಿಟ್ಟು ಓಡ್ತಾಳೆ, ಜಾತಿ ಹಿಂದೆಯೇ ಬಂದು ಕೊಲ್ಲುತ್ತದೆ. ನಿಯಮ ಮುರಿದರೆ ಏನಾಗುತ್ತದೆ ಅನ್ನೋದು ‘ಸೈರಾಟ್’ನ ಪ್ರಶ್ನೆ. ನಿಯಮ ಪಾಲಿಸಿದರೆ ಏನಾಗುತ್ತದೆ ಅನ್ನೋದು ‘ಸ್ಥಳ’ದ ಪ್ರಶ್ನೆ. ಓಡಿಹೋಗದ, ಎದುರು ಮಾತಾಡದ, ಹೇಳಿದಾಗ ಸೀರೆ ಉಟ್ಟು ಬಂದು ಕೂರುವ ಹುಡುಗಿಯರೇ ನಮ್ಮಲ್ಲಿ ಹೆಚ್ಚು. ಅವರ ಕತೆಯಲ್ಲಿ ರಕ್ತ ಇಲ್ಲ ಅಂತ ಅದು ಸಿನಿಮಾ ಆಗೋದು ಕಮ್ಮಿ.

3. ಎರಡು ಪ್ರಶ್ನೋತ್ತರಗಳು

ಪ್ರಶ್ನೆ ಕೇಳುವುದೇ ತಪ್ಪಾ? ಹಾಗೇನೂ ಇಲ್ಲ. ಕನ್ನಡದಲ್ಲಿ ಒಬ್ಬ ಹೆಣ್ಣಿಗೆ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳಿದ ಬಹಳ ದೊಡ್ಡ ಸಂದರ್ಭ ಒಂದಿದೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾನೆ. ನಿನ್ನ ಗಂಡ ಯಾರು ಅಂತ ಕೇಳ್ತಾನೆ. ಬಟ್ಟೆ ಬಿಟ್ಟವಳು ಕೂದಲನ್ನು ಯಾಕೆ ಹೊದ್ದಿದ್ದೀಯ ಅಂತ ಕೇಳ್ತಾನೆ. ಅವಳ ದೇಹವೂ ಅಲ್ಲಿ ಚರ್ಚೆಯ ವಿಷಯವೇ. ಪಡಸಾಲೆಯಲ್ಲಿ ಕೇಳೋದಕ್ಕಿಂತ ಕಠಿಣವಾದ ಪ್ರಶ್ನೆಗಳು ಅವು.

ಆದರೆ ಅಲ್ಲಿ ಉತ್ತರಕ್ಕೆ ಬೆಲೆ ಇದೆ. ಅಕ್ಕ ಉತ್ತರ ಕೊಟ್ಟಂತೆ ಪ್ರಶ್ನೆ ಕೇಳುವವನ ದನಿ ಬದಲಾಗುತ್ತದೆ, ಕೊನೆಗೆ ಸಭೆಯೇ ಅವಳಿಗೆ ಕೈಮುಗಿಯುತ್ತದೆ. ಸವಿತಾಳ ಪಡಸಾಲೆಯಲ್ಲಿ ಉತ್ತರವನ್ನು ಯಾರೂ ಕೇಳಿಸಿಕೊಳ್ಳೋದೇ ಇಲ್ಲ. ‘ಸಮಾಜಶಾಸ್ತ್ರ’ ಅಂತಾಳೆ, ಅವರು ತಲೆ ಆಡಿಸ್ತಾರೆ. ಅವಳು ಬೇರೆ ಏನು ಹೇಳಿದ್ದರೂ ಅಷ್ಟೇ ಆಡಿಸ್ತಿದ್ದರು. ಅವಳು ಮಾತಾಡುವ ಹೊತ್ತಿನಲ್ಲಿ ಬಣ್ಣ, ಎತ್ತರ, ನಡಿಗೆ ನೋಡೋಕೆ ಸಮಯ ಸಿಗಲಿ ಅನ್ನೋದೇ ಆ ಪ್ರಶ್ನೆಗಳ ಉದ್ದೇಶ. ಮೊದಲನೆಯದರಲ್ಲಿ ನೋಟವನ್ನು ದಾಟಿ ಮಾತಿಗೆ ಹೋಗುತ್ತಾರೆ. ಎರಡನೆಯದರಲ್ಲಿ ಮಾತು ಬರೀ ನೋಟಕ್ಕೆ ಹಾಕಿದ ಪರದೆ.

ಇನ್ನೊಂದು ಸಂಗತಿ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಕೌಶಿಕ ಅವಳನ್ನು ನೋಡ್ತಾನೆ, ಮೆಚ್ಚಿಕೊಳ್ತಾನೆ, ಅವನ ಕಡೆಯವರು ಮನೆಗೆ ಬರ್ತಾರೆ, ತಂದೆತಾಯಿ ಹೆದರ್ತಾರೆ. ಅದೂ ಒಂದು ಕನ್ಯಾ ನೋಡುವ ಕತೆಯೇ. ಅಲ್ಲಿ ಷರತ್ತು ಹಾಕಿದವಳು ಅಕ್ಕ. ಅವನು ಷರತ್ತು ಮುರಿದ, ಅವಳು ಹೊರಟಳು. ನಮ್ಮ ಪಡಸಾಲೆಗಳಲ್ಲಿ ಷರತ್ತುಗಳೆಲ್ಲ ಆ ಕಡೆಯಿಂದಲೇ ಬರ್ತಾವೆ. ಸವಿತಾಳ ಕನಸಿನಲ್ಲಿ ಮಾತ್ರ ಹೆಂಗಸರು ಕೇಳ್ತಾರೆ. ಎಂಟು ನೂರು ವರ್ಷಗಳ ಹಿಂದೆ ರಗಳೆಯಲ್ಲಿ ಸಾಧ್ಯವಾದದ್ದು ಈಗ ಹಗಲಲ್ಲಿ ಸಾಧ್ಯವಿಲ್ಲ, ಕನಸಿಗೆ ಹೋಗಬೇಕು. ಅಕ್ಕನ ಫೋಟೋ ನಮ್ಮ ಮನೆಯ ಪಡಸಾಲೆಯಲ್ಲೇ ಇದೆ. ನನ್ನನ್ನು ನೋಡಲು ಬಂದವರು ಅದರ ಕೆಳಗೇ ಕೂತಿದ್ದರು.

4. ಹತ್ತಿ ಮತ್ತು ಯಾದಿ

ಚಿತ್ರದ ದೊಡ್ಡ ಗುಣ ಅಂದರೆ ಖಳನಾಯಕನನ್ನು ಹುಡುಕೋದಿಲ್ಲ. ಸವಿತಾಳ ಅಪ್ಪ ದೌಲತರಾವ್ ಕೆಟ್ಟವನಲ್ಲ. ಮಗಳ ಮೇಲೆ ಪ್ರೀತಿ ಇದೆ. ಅವನ ತಲೆಯಲ್ಲಿ ಒಂದೇ ಲೆಕ್ಕ, ಹತ್ತಿಗೆ ಈ ಸಲ ಏನು ದರ ಸಿಗುತ್ತದೆ. ದರ ಸಿಕ್ಕರೆ ಮದುವೆ, ಇಲ್ಲದಿದ್ದರೆ ಹೊಲ. ವಿದರ್ಭದ ಹತ್ತಿ, ಸಾಲ, ರೈತರ ಆತ್ಮಹತ್ಯೆ ಇವು ನಮಗೆ ಪತ್ರಿಕೆಗಳಿಂದ ಗೊತ್ತು. ಆ ಸುದ್ದಿಯಲ್ಲಿ ಮಗಳ ಮದುವೆ ಅನ್ನೋದು ‘ಕಾರಣ’ಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಬರುತ್ತದೆ. ಆ ಸಾಲಿನ ಹಿಂದೆ ಕೂತ ಹುಡುಗಿಯ ಮುಖವನ್ನು ಈ ಚಿತ್ರ ತೋರಿಸುತ್ತದೆ. ತಾನು ಅಪ್ಪನ ಸಾಲಕ್ಕೆ ಕಾರಣ ಅಂತ ಗೊತ್ತಿದ್ದೂ ಬಂದು ಕೂರಬೇಕು. ಇದಕ್ಕಿಂತ ದೊಡ್ಡ ಭಾರ ಬೇರೆ ಯಾವುದಿದೆ ನನಗೆ ಗೊತ್ತಿಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೇ ನಮ್ಮಲ್ಲಿ ಯಾರೂ ಹುಂಡಾ ಕೇಳೋದಿಲ್ಲ. ‘ಯಾದಿ ಮಾಡೂಣು’ ಅಂತಾರೆ. ಯಾದಿ ಅಂದರೆ ಪಟ್ಟಿ. ಎರಡೂ ಕಡೆಯ ಹಿರಿಯರು ಕೂತು ಬಂಗಾರ ಎಷ್ಟು ತೊಲಿ, ಭಾಂಡಿ ಸಾಮಾನು ಏನೇನು, ಗಾಡಿ ಯಾವುದು, ಊಟದ ಖರ್ಚು ಯಾರದು ಅಂತ ಬರೀತಾರೆ. ‘ನಮಗೇನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಏನ್ ಕೊಡ್ತೀರಿ ಅಷ್ಟ’ ಅನ್ನೋದು ಅದರ ಪಲ್ಲವಿ. ಕಾನೂನು ಒಂದು ಶಬ್ದವನ್ನು ನಿಷೇಧಿಸಿತು, ವ್ಯವಹಾರ ಇನ್ನೊಂದು ಶಬ್ದ ಹುಡುಕಿಕೊಂಡಿತು.

ಜತ್ತ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಮಳೆ ಇಲ್ಲದ ಊರುಗಳಿಂದ ಕಬ್ಬು ಕಡಿಯಲು ಹೋಗುವವರಿದ್ದಾರೆ. ಕಬ್ಬಿನ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೋಯತಾ’. ಕೋಯತಾ ಅಂದರೆ ಕುಡುಗೋಲು. ಉಚಲ್ ಹಣ, ಅಂದರೆ ಮುಂಗಡ, ಕೊಡೋದು ಜೋಡಿಗೆ. ಹೀಗಾಗಿ ಮದುವೆ ಆಗದ ಹುಡುಗ ಅರ್ಧ ಕೋಯತಾ. ಹುಡುಗಿಯನ್ನು ಬೇಗ ಮದುವೆ ಮಾಡುವ ಒತ್ತಡ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಬರೀ ‘ಸಂಪ್ರದಾಯ’ ಅಂತ ಉತ್ತರ ಕೊಟ್ಟರೆ ಸಾಲದು. ಅಲ್ಲಿ ಸಂಪ್ರದಾಯಕ್ಕೆ ಕಾರ್ಖಾನೆಯ ಹಂಗಾಮೂ ಜೊತೆಗಿದೆ. ಚಿತ್ರ ಕಬ್ಬಿನ ಬಗ್ಗೆ ಏನೂ ಹೇಳೋದಿಲ್ಲ. ಆದರೆ ಹತ್ತಿಯ ದರವನ್ನೂ ಮಗಳ ಮದುವೆಯನ್ನೂ ಒಂದೇ ಲೆಕ್ಕದಲ್ಲಿ ಇಟ್ಟು ನೋಡುವ ಅದರ ಕ್ರಮದಿಂದಾಗಿ ನನಗೆ ನನ್ನ ಊರಿನ ಲೆಕ್ಕ ಅರ್ಥವಾಯಿತು.

5. ಗಡಿ ದಾಟುವ ಹುಡುಗಿ

ಈಗ ಸ್ವಂತ ಅನುಭವ ಹೇಳ್ತೀನಿ. ಸಂಶೋಧನಾ ಪ್ರಬಂಧದಲ್ಲಿ ಇದು ಸರಿಯಾ ಅಂತ ಮಾರ್ಗದರ್ಶಕರನ್ನು ಕೇಳಿದ್ದೆ. ‘ಬರಿ, ಆದರೆ ಅಳಬ್ಯಾಡ’ ಅಂದರು.

ನನ್ನನ್ನು ಇಲ್ಲಿಯವರೆಗೆ ಮೂರು ಸಲ ನೋಡಿ ಹೋಗಿದ್ದಾರೆ. ಮೊದಲನೆಯದು ಬಿ.ಎ. ಮುಗಿದ ವರ್ಷ, ಅದನ್ನ ಬಿಡೋಣ. ಎರಡನೆಯದು ಮಹಾರಾಷ್ಟ್ರದ ಕಡೆಯ ಸ್ಥಳ. ‘ಯಾವ ವಿಷಯ ತಗೊಂಡೀ ಬಾ?’ ಅಂದರು. ‘ಕನ್ನಡ’ ಅಂದೆ. ಹಿರಿಯರೊಬ್ಬರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ, ‘ಇಲ್ಲಿದ್ದು ಕನ್ನಡಾ ಓದಿ ಏನ್ ಮಾಡೂದ್ರಿ? ಮರಾಠಿ ತಗೋಬೇಕಿತ್ತು’ ಅಂದರು. ಮೂರನೆಯದು ಕರ್ನಾಟಕದ ಕಡೆಯದು. ಅಲ್ಲಾದರೂ ಕನ್ನಡಕ್ಕೆ ಬೆಲೆ ಇರಬಹುದು ಅಂತ ಒಳಗೊಳಗೇ ಆಸೆ ಇತ್ತು. ಅವರು ಹೇಳಿದ್ದು, ‘ಮಹಾರಾಷ್ಟ್ರದಾಗ ಓದಿದ ಕನ್ನಡಾ ನಮ್ಮ ಕಡೆ ನಡೀತದೇನ್ರಿ?’ ಎರಡೂ ಸಲ ಪ್ರಶ್ನೆಗೆ ಉತ್ತರ ಕೊಟ್ಟವರು ಅಪ್ಪ. ಎರಡೂ ಸಲ ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಗಡಿಯ ಹುಡುಗಿಗೆ ಸ್ಥಳ ಅನ್ನೋದು ಬರೀ ಗಂಡನ ಮನೆ ಅಲ್ಲ, ಅದು ಒಂದು ರಾಜ್ಯ ಕೂಡ. ಸವಿತಾ ತಯಾರಾಗೋದು ಮಹಾರಾಷ್ಟ್ರದ ನೌಕರಿಯ ಪರೀಕ್ಷೆಗೆ. ಅವಳು ಚಂದ್ರಪುರದಿಂದ ವರ್ಧಾಕ್ಕೆ ಹೋದರೂ ಆ ಪುಸ್ತಕಗಳು ಕೆಲಸಕ್ಕೆ ಬರ್ತಾವೆ. ನಮ್ಮ ಊರಿನ ಹುಡುಗಿ ಚಡಚಣಕ್ಕೋ ಅಥಣಿಗೋ ಹೋದರೆ, ನಡುವೆ ಬಸ್ಸಿನ ಒಂದು ತಾಸಿನ ದಾರಿ, ಆದರೆ ಪರೀಕ್ಷೆ ಬೇರೆ, ಪರೀಕ್ಷೆಯ ಭಾಷೆ ಬೇರೆ, ದಾಖಲೆ ಬೇರೆ. ಪರಿಶಿಷ್ಟ ಜಾತಿಯ ಹುಡುಗಿಯಾದರೆ ತವರಿನ ಜಾತಿ ಪ್ರಮಾಣಪತ್ರದ ಮೇಲೆ ಗಂಡನ ರಾಜ್ಯದ ನೌಕರಿಯಲ್ಲಿ ಮೀಸಲಾತಿ ಸಿಗೋದಿಲ್ಲ. ಗಡಿ ಹೋರಾಟದ ಬಗ್ಗೆ ನಾವು ತುಂಬ ಓದ್ತೀವಿ. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ಆಯೋಗದ ಕಾಲದಿಂದ ವಾದ ನಡೀತಾ ಇದೆ. ಆ ಊರುಗಳಲ್ಲಿ ಹುಟ್ಟಿದ ಹುಡುಗಿ ಯಾವ ರಾಜ್ಯಕ್ಕೆ ಸೇರಬೇಕು ಅನ್ನೋದು ಯಾದಿ ಬರೆಯುವ ದಿನ, ಎರಡು ತಾಸಿನಲ್ಲಿ ತೀರ್ಮಾನ ಆಗುತ್ತದೆ. ಅವಳನ್ನು ಕೇಳೋದಿಲ್ಲ. ಗಡಿನಾಡಿನ ಅಧ್ಯಯನಗಳು ಈ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು ಅನ್ನೋದು ಈ ಪ್ರಬಂಧದ ಮುಖ್ಯ ಒತ್ತಾಯ.

ಇಲ್ಲಿ ಭಾಷೆಯ ಮಾತೂ ಇದೆ. ಚಿತ್ರದಲ್ಲಿ ಕೇಳೋದು ಪುಣೆಯ ಮರಾಠಿ ಅಲ್ಲ, ವಿದರ್ಭದ ಮರಾಠಿ. ಆ ಮಾತನ್ನು ಹಾಸ್ಯಕ್ಕೆ ಬಳಸೋದು ಬಿಟ್ಟು ಹಾಗೇ ಮಾತಾಗಿ ಬಿಟ್ಟಿದ್ದಾರೆ. ‘ನಿಮ್ಮ ಕನ್ನಡ ಒಂಥರಾ ಐತಲ್ಲ’ ಅಂತ ಎರಡೂ ಕಡೆಯಿಂದ ಕೇಳಿಸಿಕೊಂಡ ನಮಗೆ ಇದು ಸಣ್ಣ ಸಂಗತಿ ಅಲ್ಲ. ಕನ್ನಡದಲ್ಲಿ ಈ ಕೆಲಸವನ್ನು ಕಾದಂಬರಿ ಮೊದಲೇ ಮಾಡಿದೆ. ಕಲಬುರಗಿ ಸೀಮೆಯ ಮಾತಿನಲ್ಲೇ ಹೆಂಗಸರ ಬದುಕು ಬರೆದ ಗೀತಾ ನಾಗಭೂಷಣ ಅವರ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಜತ್ತದ, ಅಕ್ಕಲಕೋಟೆಯ ಕನ್ನಡದಲ್ಲಿ ಇಂಥದೊಂದು ಚಿತ್ರ ಯಾವಾಗ ಬರುತ್ತದೋ.

6. ಚಿತ್ರದ ಮಿತಿಗಳು

ಮೆಚ್ಚಿದ್ದನ್ನೇ ಹೇಳಿ ಮುಗಿಸಿದರೆ ವಿಮರ್ಶೆ ಆಗೋದಿಲ್ಲ. ಎರಡು ತಕರಾರುಗಳಿವೆ. ಒಂದು, ಕಾಲೇಜಿನ ಭಾಗ. ಸವಿತಾಳ ಸಮಾಜಶಾಸ್ತ್ರದ ತರಗತಿಯಲ್ಲಿ ಸ್ತ್ರೀ ಸಬಲೀಕರಣದ ಪಾಠ ನಡೆಯುತ್ತದೆ, ಪಾಠ ಮಾಡುವ ಸರ್ ಬಗ್ಗೆ ಅವಳಿಗೆ ಮನಸ್ಸಿನಲ್ಲಿ ಒಲವಿದೆ. ಪಾಠಕ್ಕೂ ಪಡಸಾಲೆಗೂ ಇರುವ ಅಂತರ ನಮಗೆ ಮೊದಲ ಸಲವೇ ಗೊತ್ತಾಗುತ್ತದೆ. ಅದನ್ನು ಚಿತ್ರ ಮತ್ತೆ ಮತ್ತೆ ಬೆರಳಿಟ್ಟು ತೋರಿಸುತ್ತದೆ. ಪಡಸಾಲೆಯ ದೃಶ್ಯಗಳಲ್ಲಿ ಪ್ರೇಕ್ಷಕರನ್ನು ನಂಬಿದ ನಿರ್ದೇಶಕರು ತರಗತಿಯಲ್ಲಿ ಯಾಕೋ ನಂಬಲಿಲ್ಲ.

ಎರಡನೆಯದು ಹೆಚ್ಚು ಗಂಭೀರ. ಹುಡುಗಿಯ ಬಣ್ಣ, ಎತ್ತರ, ಹುಂಡಾ ಈ ಮೂರನ್ನು ಚಿತ್ರ ಬಿಡಿಸಿ ಬಿಡಿಸಿ ನೋಡುತ್ತದೆ. ಜಾತಿ ಮಾತ್ರ ಹಿನ್ನೆಲೆಯಲ್ಲೇ ಉಳಿಯುತ್ತದೆ. ಬಂದವರೆಲ್ಲ ಒಂದೇ ಜಾತಿಯವರು ಅನ್ನೋದು ಕೇಳದೇ ಒಪ್ಪಿಕೊಂಡ ಷರತ್ತು. ಪಡಸಾಲೆಯಲ್ಲಿ ಜಾತಿ ಯಾವುದು ಅಂತ ಯಾರೂ ಕೇಳೋದಿಲ್ಲ ನಿಜ, ಯಾಕೆಂದರೆ ಅದು ಗೊತ್ತಾದ ಮೇಲೇ ಅವರು ಹೊಸ್ತಿಲು ದಾಟಿರ್ತಾರೆ. ಕೇಳದ ಆ ಪ್ರಶ್ನೆಯನ್ನು ಚಿತ್ರ ನಮಗೆ ಕೇಳಿಸಬೇಕಿತ್ತು.

ಕೊನೆಯ ದೃಶ್ಯದ ಬಗ್ಗೆ ಬೇಕೆಂದೇ ಹೇಳ್ತಿಲ್ಲ. ನೋಡದವರು ನೋಡಲಿ.

ಸಂವಾದದಿಂದ

ಅಕ್ಕಲಕೋಟೆಯಿಂದ ಸೇರಿದ್ದ ಹಿರಿಯರೊಬ್ಬರು ಕೇಳಿದರು: ‘ತಂಗಿ, ನೀ ಹೇಳಿದ್ದು ಹಳೇ ಕಾಲದ ಮಾತು. ಈಗ ರೈತನ ಮಗನಿಗೆ ಯಾರೂ ಹೆಣ್ಣು ಕೊಡೂದಿಲ್ಲ. ನಮ್ಮ ಊರಾಗ ಮೂವತ್ತೈದು ದಾಟಿದ ಹುಡುಗರು ಹಂಗ ಕೂತಾರ. ಈಗ ಬ್ಯಾಡ ಅನ್ನೂದು ಹುಡುಗಿ ಕಡೆಯವರ. ಸವಿತಾನ ಕನಸು ಖರೆ ಆಗೇತಿ ಅನ್ನಬಹುದಲ್ಲ?’

ಉತ್ತರ: ‘ಅಜ್ಜಾ, ನೀವು ಹೇಳೋದು ಸುಳ್ಳಲ್ಲ. 2022ರ ಡಿಸೆಂಬರಿನಲ್ಲಿ ಸೋಲಾಪುರದಲ್ಲೇ ಮದುವೆಯಾಗದ ಯುವಕರು ಮದುಮಗನ ವೇಷ ಹಾಕಿ, ಕುದುರೆ ಏರಿ ಜಿಲ್ಲಾಧಿಕಾರಿ ಕಚೇರಿಗೆ ಮೋರ್ಚಾ ತೆಗೆದಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರನ್ನು ನೋಡಿ ನಗೋದು ಸುಲಭ, ನಾನು ನಗೋದಿಲ್ಲ. ಸೋಲಾಪುರದವರ ಬೇಡಿಕೆಗಳಲ್ಲಿ ಒಂದು ಬಹಳ ಸರಿಯಾಗಿತ್ತು, ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಿ ಅಂತ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 894 ಹೆಣ್ಣುಮಕ್ಕಳಿದ್ದರು. 2001ರಲ್ಲಿ 913 ಇದ್ದರು. ಹುಟ್ಟಬೇಕಾದವರು ಹುಟ್ಟಲಿಲ್ಲ, ಅದಕ್ಕೇ ಈಗ ಸಿಗ್ತಿಲ್ಲ.

‘ಆದರೆ ಬೇಡ ಅಂದವರು ಯಾರು ಅಂತ ನೋಡಬೇಕು. ಹೊಲದವನು ಬೇಡ, ನೌಕರಿಯವನು ಬೇಕು ಅಂತ ಹೇಳೋದು ಹೆಚ್ಚಿನ ಕಡೆ ಹುಡುಗಿಯ ಅಪ್ಪ, ಕಾಕಾ, ಅಣ್ಣ. ನೌಕರಿಯವನು ಕಮ್ಮಿ, ಅದಕ್ಕೇ ಅವನ ಯಾದಿ ಉದ್ದ. ಹೊಲದವನಿಗೆ ಹೆಣ್ಣಿಲ್ಲ, ನೌಕರಿಯವನಿಗೆ ಹುಂಡಾ. ಎರಡೂ ಒಂದೇ ಲೆಕ್ಕದ ಎರಡು ತುದಿ. ಈ ಲೆಕ್ಕದಲ್ಲಿ ಗಂಡಿಗೂ ಈಗ ದರ ಬಂದಿದೆ ನಿಜ, ಅವನಿಗೂ ನೋವಾಗ್ತಿದೆ. ಸವಿತಾಳ ಕನಸಿನಲ್ಲಿ ಪ್ರಶ್ನೆ ಕೇಳಿದವರು ಹೆಂಗಸರು. ನಮ್ಮ ಊರುಗಳಲ್ಲಿ ಕೇಳ್ತಿರೋರು ಇನ್ನೂ ಗಂಡಸರೇ.’

ಕಾಸರಗೋಡಿನ ಸಹಪಾಠಿಯೊಬ್ಬಳು ಚಾಟ್‌ನಲ್ಲಿ ಬರೆದಿದ್ದಳು: ‘ಮನೆಯಲ್ಲಿ ಈ ಸಿನಿಮಾ ತೋರಿಸಿದ್ದೀರಾ?’

ಉತ್ತರ: ‘ತೋರಿಸೋಕೆ ಆಗಲಿಲ್ಲ. ಅವ್ವನಿಗೆ ಕತೆ ಹೇಳಿದೆ, ಅವಳು ಭಕ್ರಿ ಬಡೀತಿದ್ದಳು. ನಾನು ಎಲ್ಲ ಹೇಳಿದೆ, ಬಂದವರು ಏನು ಕೇಳಿದರು, ಬಣ್ಣದ ಬಗ್ಗೆ ಏನಂದರು, ಅಪ್ಪ ಹತ್ತಿ ದರಕ್ಕೆ ಎಷ್ಟು ಒದ್ದಾಡಿದ. ಅವ್ವ ನಡುವೆ ಏನೂ ಮಾತಾಡಲಿಲ್ಲ. ಹಂಚಿನ ಮೇಲಿನ ಭಕ್ರಿ ತಿರುವಿ ಹಾಕಿ ಒಂದೇ ಮಾತು ಕೇಳಿದಳು. ಮದುವೆ ಆತಾ ಇಲ್ಲಾ ಅಂತ ಕೇಳ್ತಾಳೆ ಅಂದುಕೊಂಡಿದ್ದೆ. ಹಾಗೆ ಕೇಳಲಿಲ್ಲ. “ಆ ಹುಡುಗಿ ಪರೀಕ್ಷಾ ಏನಾತು?” ಅಂದಳು.

‘ಅವ್ವ ಏಳನೆಯತ್ತೆಗೆ ಶಾಲೆ ಬಿಟ್ಟವಳು. ಅವಳನ್ನು ನೋಡಲು ಬಂದ ದಿನ ಅವಳ ಪರೀಕ್ಷೆ ಇತ್ತಾ ಅಂತ ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವತ್ತು ಕೇಳಿದೆ. ಅವ್ವ ಅದಕ್ಕೆ ಉತ್ತರ ಕೊಡಲಿಲ್ಲ, “ನಿಂದು ಯಾವಾಗ ಐತಿ?” ಅಂತ ತಿರುಗಿ ಕೇಳಿದಳು. ಬರುವ ತಿಂಗಳು ಅಂದೆ. ಅಪ್ಪನಿಗೆ ಹೇಳಿ ಮುಂದಿನ ಸ್ಥಳವನ್ನು ಪರೀಕ್ಷೆ ಮುಗಿಯೋವರೆಗೆ ಮುಂದಕ್ಕೆ ಹಾಕಿಸಿದ್ದಾಳೆ. ಸದ್ಯಕ್ಕೆ ಅಷ್ಟು ಆಗಿದೆ.’